ಆಂಡ್ರಾಯ್ಡ್ ಟ್ಯಾಬ್ಲೆಟ್‌ಗೆ ವಿಮಾನ ನ್ಯಾವಿಗೇಷನ್ ಆ್ಯಪ್: ಮೊದಲು ನಕ್ಷೆ, ಆಮೇಲೆ ಆ್ಯಪ್, ಹಣ ಕೊನೆಗೆ

ಪೈಲಟ್ ತರಬೇತಿಗೆ ಸೇರಿದವರಿಂದ ಬರುವ ದೂರುಗಳು ಹೆಚ್ಚೂ ಕಡಿಮೆ ಒಂದೇ ಅಚ್ಚಿನವು. ಅಮೆರಿಕದ ಯಾವುದೋ ವಿಡಿಯೊ ನೋಡಿ ಆ್ಯಪ್ ಮೆಚ್ಚಿದ್ದಾಯಿತು, ಟ್ಯಾಬ್ಲೆಟ್ ಕೊಂಡಿದ್ದಾಯಿತು, ಆಮೇಲೆ ನೋಡಿದರೆ ಆ ಆ್ಯಪ್ ಆಂಡ್ರಾಯ್ಡ್‌ನಲ್ಲಿ ಇಲ್ಲವೇ ಇಲ್ಲ. ಇದ್ದರೂ ತಾವು ಹಾರುವ ಊರಿನ ನಕ್ಷೆ ಅದರಲ್ಲಿಲ್ಲ. ನಕ್ಷೆಯೂ ಇದ್ದರೆ, ಮೇಲೇರಿ ನೆಟ್‌ವರ್ಕ್ ಹೋದ ಕೂಡಲೇ ಪರದೆ ಬೂದುಬಣ್ಣ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆ ಆಗುವುದೇ ಹೀಗೆ. ಇಲ್ಲಿ ಎಡವುವವರಲ್ಲಿ ಹೆಚ್ಚಿನವರು ದಡ್ಡರಲ್ಲ. ಅವರು ಹೆಜ್ಜೆಗಳ ಕ್ರಮವನ್ನು ತಲೆಕೆಳಗು ಮಾಡಿದ್ದಾರೆ, ಅಷ್ಟೆ. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಐದನೆಯದನ್ನು ಬಿಟ್ಟು ಆರನೆಯದಕ್ಕೆ ಹಾರಬೇಡಿ.

ಬೇಕಾಗುವ ಸಾಮಾನು: ಟ್ಯಾಬ್ಲೆಟ್, ಅದರಷ್ಟೇ ಮುಖ್ಯವಾಗಿ ಕಾಗದದ ನಕ್ಷೆ ಮತ್ತು ಪೆನ್ಸಿಲ್, ತೊಡೆಗೆ ಕಟ್ಟುವ ನೀಬೋರ್ಡ್ ಅಥವಾ ಗಟ್ಟಿಯಾದ ಹಿಡಿಕೆ, ಪವರ್ ಬ್ಯಾಂಕ್, ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆ್ಯಪ್, ಕಾರು ಓಡಿಸಲು ಒಬ್ಬ ಸ್ನೇಹಿತ ಮತ್ತು ಎರಡು ವಾರದ ತಾಳ್ಮೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಹೇಳುವುದೆಲ್ಲ ಹಗಲು ಹೊತ್ತಿನಲ್ಲಿ, ಕಣ್ಣಿಗೆ ಕಾಣುವ ನೆಲವನ್ನು ನೋಡಿಕೊಂಡು ಹಾರುವ ಸಣ್ಣ ವಿಮಾನಗಳಿಗೆ. ಟ್ಯಾಬ್ಲೆಟ್ ಅಲ್ಲಿ ನೆರವಿಗೆ ಮಾತ್ರ. ನಿಮ್ಮ ತರಬೇತಿ ಶಾಲೆಯ ಮುಖ್ಯ ಬೋಧಕರು ಅದನ್ನು ಕಾಕ್‌ಪಿಟ್‌ಗೆ ಒಯ್ಯಲು ಒಪ್ಪುತ್ತಾರೆಯೇ ಎಂದು ಕೇಳಿಕೊಂಡೇ ಮುಂದಿನದನ್ನು ಓದಿ. ಒಪ್ಪದಿದ್ದರೆ ಖರ್ಚು ಉಳಿಯಿತು.

## ಹಂತ 1: ನೀವು ಹಾರುವ ಆಕಾಶದ ಮಾಹಿತಿ ಯಾರ ಬಳಿ ಇದೆ?

ಆ್ಯಪ್ ಎಂದರೆ ಪಾತ್ರೆ. ಅದರೊಳಗಿನ ವಾಯುಪ್ರದೇಶದ ಗಡಿ, ರನ್‌ವೇ, ರೇಡಿಯೊ ತರಂಗಾಂತರಗಳೇ ಅಡುಗೆ. ಆದ್ದರಿಂದ ಮೊದಲ ಪ್ರಶ್ನೆ ಯಾವ ಆ್ಯಪ್ ಚೆನ್ನ ಎಂಬುದಲ್ಲ, ಯಾವ ದೇಶ ಎಂಬುದು.

ಅಮೆರಿಕದಲ್ಲಿ ತರಬೇತಿ ಪಡೆಯುವವರು ಅದೃಷ್ಟವಂತರು. ಅಲ್ಲಿನ ವಿಮಾನಯಾನ ಇಲಾಖೆಯಾದ ಎಫ್‌ಎಎ ತನ್ನ ನಕ್ಷೆಗಳನ್ನು ಡಿಜಿಟಲ್ ರೂಪದಲ್ಲಿ ಉಚಿತವಾಗಿ ಕೊಡುತ್ತದೆ. ಹಾಗಾಗಿಯೇ ಅವೇರ್‌ನಂಥ ಉಚಿತ, ಮುಕ್ತ ತಂತ್ರಾಂಶದ ಆ್ಯಪ್ ಅಲ್ಲಿ ಹುಟ್ಟಲು ಸಾಧ್ಯವಾಯಿತು. ಹಣ ಕೊಡುವವರಿಗೆ ಗಾರ್ಮಿನ್ ಪೈಲಟ್ ಮತ್ತು ಐಫ್ಲೈ ಇವೆ. ವಿಡಿಯೊಗಳಲ್ಲಿ ಎಲ್ಲರೂ ತೋರಿಸುವ ಫೋರ್‌ಫ್ಲೈಟ್ ಐಪ್ಯಾಡ್ ಮತ್ತು ಐಫೋನ್‌ಗಷ್ಟೇ ಸೀಮಿತ. ಆಂಡ್ರಾಯ್ಡ್‌ನಲ್ಲಿ ಅದನ್ನು ಹುಡುಕಿ ಸಮಯ ಕಳೆಯಬೇಡಿ. ಅದೇ ಹೆಸರಿನ ಫೈಲನ್ನು ಯಾವುದೋ ಜಾಲತಾಣ ಇಳಿಸಿಕೊಳ್ಳಲು ಕೊಟ್ಟರೆ ಮುಟ್ಟಲೇಬೇಡಿ.

ಬ್ರಿಟನ್ ಮತ್ತು ಯುರೋಪಿನಲ್ಲಿ ಸ್ಕೈಡೀಮನ್ ಮತ್ತು ಈಸಿವಿಎಫ್‌ಆರ್, ಆಸ್ಟ್ರೇಲಿಯದಲ್ಲಿ ಓಝ್‌ರನ್‌ವೇಸ್ ಮತ್ತು ಎವಿಪ್ಲಾನ್. ಇವೆಲ್ಲ ಆಂಡ್ರಾಯ್ಡ್‌ನಲ್ಲಿ ದೊರೆಯುತ್ತವೆ. ಅಲ್ಲಿ ಸಮಸ್ಯೆ ಕಡಿಮೆ.

ತೊಡಕು ಇರುವುದು ಭಾರತದಲ್ಲಿ. ಎಫ್‌ಎಎ ಕೊಡುವಂತೆ ಬೆರಳ ತುದಿಗೆ ಸಿಗುವ ಉಚಿತ ಡಿಜಿಟಲ್ ನಕ್ಷೆಯ ಸೌಲಭ್ಯ ಇಲ್ಲಿಲ್ಲ. ಅಧಿಕೃತ ಮಾಹಿತಿ ಇರುವುದು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಅಂತರ್ಜಾಲದಲ್ಲಿ ಪ್ರಕಟಿಸುವ ಎಐಪಿ ಎಂಬ ಕೈಪಿಡಿಯಲ್ಲಿ. ನಿಷೇಧಿತ, ನಿರ್ಬಂಧಿತ ಮತ್ತು ಅಪಾಯದ ಪ್ರದೇಶಗಳ ಪಟ್ಟಿ ಅದರ ಇಎನ್‌ಆರ್ 5.1 ವಿಭಾಗದಲ್ಲಿದೆ, ಪ್ರತಿ ವಿಮಾನ ನಿಲ್ದಾಣದ ವಿವರ ಎಡಿ 2ರಲ್ಲಿದೆ. ಆ್ಯಪ್‌ಗಳಲ್ಲಿ ಕಾಣುವ ಭಾರತದ ವಾಯುಪ್ರದೇಶ ಹಲವು ಕಡೆ ಓಪನ್‌ಎಐಪಿ ಎಂಬ, ಬಳಕೆದಾರರೇ ತುಂಬುವ ಮುಕ್ತ ಸಂಗ್ರಹದಿಂದ ಬಂದದ್ದು. ಒಳ್ಳೆಯ ಕೆಲಸ, ಆದರೆ ಅಧಿಕೃತವಲ್ಲ. ಇಲ್ಲಿ ಹಾರುವವರಿಗೆ ನನ್ನ ಸಲಹೆ: ಗ್ಲೈಡರ್ ಹಾರಿಸುವವರಿಗಾಗಿ ಹುಟ್ಟಿದ, ಉಚಿತವಾದ, ನಕ್ಷೆಯನ್ನು ಪೂರ್ತಿ ಟ್ಯಾಬ್ಲೆಟ್‌ನಲ್ಲೇ ಇಟ್ಟುಕೊಳ್ಳುವ ಎಕ್ಸ್‌ಸಿಸೋರ್‌ನಿಂದ ಆರಂಭಿಸಿ. ವಾಯುಪ್ರದೇಶವನ್ನು ಓಪನ್‌ಏರ್ ಮಾದರಿಯ ಸಾದಾ ಪಠ್ಯ ಫೈಲ್‌ನಿಂದ ಅದು ಓದುತ್ತದೆ. ಎಐಪಿಯನ್ನು ಪಕ್ಕದಲ್ಲಿಟ್ಟುಕೊಂಡು ಆ ಫೈಲನ್ನು ನೀವೇ ತಿದ್ದಿಕೊಳ್ಳಬಹುದು. ಒಂದು ಭಾನುವಾರದ ಕೆಲಸ. ಆ ಭಾನುವಾರ ಕಲಿಯುವಷ್ಟು ವಾಯುಪ್ರದೇಶವನ್ನು ಒಂದು ತಿಂಗಳ ತರಗತಿಯಲ್ಲೂ ಕಲಿಯುವುದಿಲ್ಲ.

ಪ್ಯಾರಾಗ್ಲೈಡಿಂಗ್ ಮಾಡುವವರಿಗೆ ಎಕ್ಸ್‌ಸಿಟ್ರ್ಯಾಕ್ ಇದೆ. ಅದು ಬೇರೆಯೇ ಲೋಕ, ಇಲ್ಲಿಗೆ ಬಿಡುತ್ತೇನೆ.

## ಹಂತ 2: ಟ್ಯಾಬ್ಲೆಟ್ಟನ್ನು ಅಳೆದು ನೋಡಿ

ಗಾತ್ರ ಎಂಟು ಇಂಚಿನ ಆಸುಪಾಸು ಇರಲಿ. ಸೆಸ್ನಾ 152ರಂಥ ವಿಮಾನದಲ್ಲಿ ಹನ್ನೊಂದು ಇಂಚಿನ ಟ್ಯಾಬ್ಲೆಟ್ ತೊಡೆಯ ಮೇಲಿಟ್ಟರೆ ಯೋಕ್ (ವಿಮಾನದ ಸ್ಟೀರಿಂಗ್) ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಇಳಿಯುವ ಕೊನೆಯ ಕ್ಷಣದಲ್ಲಿ ಅದು ಗೊತ್ತಾಗುವುದು ಬೇಡ.

ಜಿಪಿಎಸ್ ಚಿಪ್ ಇದೆಯೇ? ಕೇವಲ ವೈಫೈ ಇರುವ ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳಲ್ಲಿ ಕೆಲವಕ್ಕೆ ಇರುತ್ತದೆ, ಅಗ್ಗದ ಕೆಲವಕ್ಕೆ ಇರುವುದಿಲ್ಲ. ಅಂಗಡಿಯವರ ಮಾತು ನಂಬಬೇಡಿ: ಬೀದಿಯ ವೈಫೈ ನೋಡಿ ಅಂದಾಜು ಮಾಡಿದ ಸ್ಥಾನವನ್ನೂ ಅವರು ಜಿಪಿಎಸ್ ಎಂದೇ ತೋರಿಸುತ್ತಾರೆ. ಜಿಪಿಎಸ್‌ಟೆಸ್ಟ್ ಹಾಕಿ, ಮಹಡಿಗೆ ಹೋಗಿ, ವೈಫೈ ಆರಿಸಿ ನೋಡಿ. ಉಪಗ್ರಹಗಳ ಪಟ್ಟಿ ತುಂಬಿದರೆ ಚಿಪ್ ಇದೆ. ಇಲ್ಲವಾದರೆ ಬ್ಲೂಟೂತ್ ಮೂಲಕ ಸ್ಥಾನ ಕಳಿಸುವ ಗಾರ್ಮಿನ್ ಗ್ಲೋ 2ರಂಥ ಹೊರಗಿನ ಸಾಧನ ಬೇಕು, ಮತ್ತು ಅದಕ್ಕೆ ತನ್ನದೇ ತಲೆನೋವುಗಳಿವೆ. ಕೆಲವು ಸಹಾಯಕ ಆ್ಯಪ್‌ಗಳು ಡೆವಲಪರ್ ಆಯ್ಕೆಯಲ್ಲಿನ ಅಣಕು ಸ್ಥಾನದ ಸೌಲಭ್ಯವನ್ನು ಬಳಸಿ ಈ ಮಾಹಿತಿಯನ್ನು ದಾಟಿಸುತ್ತವೆ. ಹೊರಗಿನ ಸಾಧನದ ಬ್ಯಾಟರಿ ಮುಗಿದರೆ ನಕ್ಷೆಯ ಮೇಲಿನ ವಿಮಾನ ಕೊನೆಯ ಜಾಗದಲ್ಲೇ ನಿಂತುಬಿಡಬಹುದು.

ಬಿಸಿಯದೇ ದೊಡ್ಡ ಶತ್ರು. ಏಪ್ರಿಲ್ ಮಧ್ಯಾಹ್ನ ಬೆಂಗಳೂರಿನ ಜಕ್ಕೂರು ತರಬೇತಿ ನಿಲ್ದಾಣದಲ್ಲಿ ನಿಲ್ಲಿಸಿದ ವಿಮಾನದ ಗಾಜಿನ ಕೆಳಗೆ ಟ್ಯಾಬ್ಲೆಟ್ ಇಟ್ಟು ಚಹಾ ಕುಡಿದು ಬನ್ನಿ, ಅದು ತಾನಾಗಿಯೇ ಆರಿರುತ್ತದೆ. ಕಲಬುರಗಿಯ ಮಾತಂತೂ ಬೇಡ. ಗಟ್ಟಿಮುಟ್ಟಾದ ಮಾದರಿಗಳಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಟ್ಯಾಬ್ ಆ್ಯಕ್ಟಿವ್ 5ಕ್ಕೆ ಎಂಟು ಇಂಚಿನ ಪರದೆಯೂ ಬಿಚ್ಚಿ ಬದಲಿಸಬಹುದಾದ ಬ್ಯಾಟರಿಯೂ ಇದೆ. ಬೆಲೆ ಹೆಚ್ಚು, ನನ್ನ ದೃಷ್ಟಿಯಲ್ಲಿ ತಕ್ಕುದು. ಪರದೆಯನ್ನು ಬಿಸಿಲಿನಲ್ಲಿ, ನಿಮ್ಮ ಕಪ್ಪು ಕನ್ನಡಕ ಹಾಕಿಕೊಂಡೇ ನೋಡಿ. ಪೋಲರೈಸ್ಡ್ ಕನ್ನಡಕವಾದರೆ ಟ್ಯಾಬ್ಲೆಟ್ಟನ್ನು ಅಡ್ಡಕ್ಕೆ ತಿರುಗಿಸಿದಾಗ ಪರದೆ ಪೂರ್ತಿ ಕಪ್ಪಾಗಬಹುದು.

## ಹಂತ 3: ಎರಡೇ ಆ್ಯಪ್ ಆರಿಸಿ, ಮಾಹಿತಿ ಹಳಸಿದೆಯೇ ನೋಡಿ

ಆರೇಳು ಆ್ಯಪ್ ಇಟ್ಟುಕೊಂಡವನು ಒಂದನ್ನೂ ಕಲಿಯುವುದಿಲ್ಲ. ಮುಖ್ಯವಾದದ್ದು ಒಂದು, ಅದು ಕೈಕೊಟ್ಟರೆ ಮತ್ತೊಂದು. ಎರಡನೆಯದು ಫೋನಿನಲ್ಲಿರಲಿ. ಪಾವತಿಯ ಆ್ಯಪ್‌ಗಳಿಗೆ ಸಾಮಾನ್ಯವಾಗಿ ಉಚಿತ ಪ್ರಾಯೋಗಿಕ ಅವಧಿ ಇರುತ್ತದೆ, ಅದನ್ನೇ ಬಳಸಿ. ಆ್ಯಪ್‌ನ ಗುಣಗಳ ಪಟ್ಟಿ ಓದುವಾಗ ಆಂಡ್ರಾಯ್ಡ್ ಆವೃತ್ತಿಯ ಪಟ್ಟಿಯನ್ನೇ ಓದುತ್ತಿದ್ದೇನೆಯೇ ಎಂದು ಖಚಿತಪಡಿಸಿಕೊಳ್ಳಿ. ಒಂದೇ ಹೆಸರಿನ ಆ್ಯಪ್ ಐಪ್ಯಾಡ್‌ನಲ್ಲಿ ಮಾಡುವುದನ್ನೆಲ್ಲ ಇಲ್ಲೂ ಮಾಡಬೇಕೆಂದಿಲ್ಲ.

ಮಾಹಿತಿ ಎಷ್ಟು ಹಳೆಯದು ಎಂದು ತಿಳಿಯಲು ಕರ್ನಾಟಕದಲ್ಲೇ ಎರಡು ಒಳ್ಳೆಯ ಒರೆಗಲ್ಲುಗಳಿವೆ. ಕೆಂಪೇಗೌಡ ವಿಮಾನ ನಿಲ್ದಾಣವನ್ನು ತೆರೆದು ನೋಡಿ. ಅಲ್ಲಿ ಎರಡನೆಯ ರನ್‌ವೇ 2019ರ ಡಿಸೆಂಬರ್‌ನಲ್ಲಿ ಬಳಕೆಗೆ ಬಂತು. ಅಂದಿನಿಂದ 09ಎಲ್/27ಆರ್ ಮತ್ತು 09ಆರ್/27ಎಲ್ ಎಂಬ ಜೋಡಿ ಇದೆ. ಆ್ಯಪ್ ಒಂದೇ ರನ್‌ವೇಯನ್ನು ಬರೀ 09/27 ಎಂದು ತೋರಿಸಿದರೆ ಅದರೊಳಗಿನ ಅಡುಗೆ ಹಳಸಿ ವರ್ಷಗಳಾಗಿವೆ. ಎರಡನೆಯದಾಗಿ 2023ರಲ್ಲಿ ಉದ್ಘಾಟನೆಯಾದ ಶಿವಮೊಗ್ಗ ವಿಮಾನ ನಿಲ್ದಾಣವನ್ನು ಹುಡುಕಿ. ಸಿಗದಿದ್ದರೆ ಆ ಆ್ಯಪ್‌ಗೆ ಅಲ್ಲೇ ಕೈಮುಗಿಯಿರಿ.

ಇಷ್ಟರಲ್ಲಿ ಪಾಸಾದರೆ ಎಐಪಿಯ ಇಎನ್‌ಆರ್ 5.1ರಿಂದ ನಿಮ್ಮ ಮಾರ್ಗದ ಹತ್ತಿರದ ಮೂರು ನಿರ್ಬಂಧಿತ ಪ್ರದೇಶಗಳನ್ನು ಆರಿಸಿ, ಗಡಿ ಮತ್ತು ಮೇಲಿನ ಕೆಳಗಿನ ಮಿತಿ ಎರಡನ್ನೂ ಹೋಲಿಸಿ. ವಿಮಾನಯಾನದ ಮಾಹಿತಿ ಜಗತ್ತಿನಾದ್ಯಂತ 28 ದಿನಗಳ ಚಕ್ರದಲ್ಲಿ ಬದಲಾಗುತ್ತದೆ, ಹಾಗಾಗಿ ಈ ಹೋಲಿಕೆಯನ್ನು ಒಮ್ಮೆ ಮಾಡಿ ಕೈತೊಳೆದುಕೊಳ್ಳುವಂತಿಲ್ಲ.

ಆ್ಯಪ್ ಭಾರತದ ಪ್ಲೇ ಸ್ಟೋರ್‌ನಲ್ಲಿ ಕಾಣದಿದ್ದರೆ ಖಾತೆಯ ದೇಶ ಬದಲಿಸಲು ಕೆಲವರು ಹೇಳಿಕೊಡುತ್ತಾರೆ. ಗೂಗಲ್ ಅದಕ್ಕೆ ವರ್ಷಕ್ಕೆ ಒಂದೇ ಅವಕಾಶ ಕೊಡುತ್ತದೆ. ವಿದೇಶದಲ್ಲಿ ಓದುವವರು ಆ ಅವಕಾಶವನ್ನು ಅಲ್ಲಿಗೆ ಹೋದ ಮೇಲೆ ಬಳಸಲಿ.

## ಹಂತ 4: ಆಂಡ್ರಾಯ್ಡ್‌ನ ಕೈಕಟ್ಟು ಬಿಚ್ಚಿ

ಆ್ಯಪ್ ಸರಿಯಿಲ್ಲ ಎಂದು ಬೈಸಿಕೊಳ್ಳುವ ಎಷ್ಟೋ ಆ್ಯಪ್‌ಗಳ ತಪ್ಪೇನೂ ಇರುವುದಿಲ್ಲ. ಬ್ಯಾಟರಿ ಉಳಿಸುವ ನೆಪದಲ್ಲಿ ಆಂಡ್ರಾಯ್ಡೇ ಅವುಗಳ ಕತ್ತು ಹಿಸುಕಿರುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಸ್ಥಳದ ಅನುಮತಿಗೆ ಹೋಗಿ. ಆಂಡ್ರಾಯ್ಡ್ 12ರಿಂದ ನಿಖರ ಸ್ಥಾನ, ಅಂದಾಜು ಸ್ಥಾನ ಎಂಬ ಎರಡು ಆಯ್ಕೆಗಳಿವೆ. ಅಂದಾಜು ಎಂದಿದ್ದರೆ ನೀವು ಜಕ್ಕೂರಿನಲ್ಲಿದ್ದೀರೋ ಯಲಹಂಕ ವಾಯುನೆಲೆಯ ಮೇಲಿದ್ದೀರೋ ಆ್ಯಪ್‌ಗೆ ತಿಳಿಯದು. ನಿಖರ ಎಂಬುದನ್ನೇ ಆರಿಸಿ. ಆ್ಯಪ್ ಕೇಳಿದರೆ, ಹಿನ್ನೆಲೆಯಲ್ಲೂ ಸ್ಥಾನ ಬಳಸಲು ಒಪ್ಪಿಗೆ ಕೊಡಿ. ಆಮೇಲೆ ಬ್ಯಾಟರಿ ಪುಟದಲ್ಲಿ ಆ ಆ್ಯಪ್‌ಗೆ ನಿರ್ಬಂಧ ಬೇಡ ಎಂದು ಗುರುತು ಮಾಡಿ. ಕೆಲವು ತಯಾರಕರು ಇದರ ಮೇಲೆ ತಮ್ಮದೇ ಇನ್ನೊಂದು ಬ್ಯಾಟರಿ ಕಾವಲುಗಾರನನ್ನು ಕೂರಿಸಿರುತ್ತಾರೆ. ಅವನನ್ನೂ ಹುಡುಕಿ ಮನೆಗೆ ಕಳಿಸಿ.

ಹಾರಾಟದ ಹಿಂದಿನ ರಾತ್ರಿ ಆಂಡ್ರಾಯ್ಡನ್ನಾಗಲಿ ಆ್ಯಪನ್ನಾಗಲಿ ಅಪ್‌ಡೇಟ್ ಮಾಡಬೇಡಿ. ಎರಡು ದಿನ ಮೊದಲು ಮಾಡಿ, ಮತ್ತೆ ಪರೀಕ್ಷಿಸಿ.

## ಹಂತ 5: ಏಕಮಾನ ಮತ್ತು ಎತ್ತರ

ಅಮೆರಿಕದ ಆ್ಯಪ್ ಒತ್ತಡವನ್ನು ಇಂಚು ಪಾದರಸದಲ್ಲಿ, ಗೋಚರತೆಯನ್ನು ಮೈಲಿಯಲ್ಲಿ, ಇಂಧನವನ್ನು ಗ್ಯಾಲನ್‌ನಲ್ಲಿ ಹೇಳುತ್ತದೆ. ಭಾರತದಲ್ಲಿ ನಿಯಂತ್ರಣ ಗೋಪುರದವರು ಕ್ಯೂಎನ್‌ಎಚ್, ಅಂದರೆ ಎತ್ತರ ತೋರಿಸುವ ಆಲ್ಟಿಮೀಟರ್‌ಗೆ ಹೊಂದಿಸಬೇಕಾದ ಒತ್ತಡ, ಕೊಡುವುದು ಹೆಕ್ಟೊಪಾಸ್ಕಲ್‌ನಲ್ಲಿ, ಇಂಧನ ತುಂಬುವವರು ಅಳೆಯುವುದು ಲೀಟರ್‌ನಲ್ಲಿ. ಒಂದು ಗ್ಯಾಲನ್ ಎಂದರೆ ಸುಮಾರು 3.8 ಲೀಟರ್, ಇಲ್ಲಿ ತಪ್ಪಿದರೆ ತಪ್ಪು ನಾಲ್ಕು ಪಟ್ಟು. ಮೊದಲೇ ಬದಲಿಸಿಕೊಳ್ಳಿ. ಸಮಯ ಜಾಗತಿಕ ಕಾಲಮಾನವಾದ ಯುಟಿಸಿಯಲ್ಲಿದೆಯೋ ಭಾರತೀಯ ಕಾಲಮಾನದಲ್ಲಿದೆಯೋ ಅದನ್ನೂ ನೋಡಿ. ಸೂರ್ಯಾಸ್ತದ 20 ನಿಮಿಷಗಳ ನಂತರ ನೆಲ ನೋಡಿಕೊಂಡು ಹಾರುವುದಕ್ಕೆ ಇಲ್ಲಿ ಅವಕಾಶವಿಲ್ಲ ಎಂದ ಮೇಲೆ ಐದೂವರೆ ಗಂಟೆಯ ಗೊಂದಲ ಸಣ್ಣದಲ್ಲ.

ಇನ್ನು ಎತ್ತರ. ಇದನ್ನು ನಿಧಾನವಾಗಿ ಓದಿ, ಏಕೆಂದರೆ ದಕ್ಷಿಣ ಭಾರತದವರನ್ನು ಇದು ಕಾಡುವಷ್ಟು ಅಮೆರಿಕದವರನ್ನು ಕಾಡುವುದಿಲ್ಲ, ಹಾಗಾಗಿ ಅವರ ವಿಡಿಯೊಗಳಲ್ಲಿ ಇದರ ಸುಳಿವೂ ಸಿಗುವುದಿಲ್ಲ.

ಜಿಪಿಎಸ್ ಎತ್ತರವನ್ನು ಅಳೆಯುವುದು ಸಮುದ್ರ ಮಟ್ಟದಿಂದಲ್ಲ; ಭೂಮಿಯನ್ನು ನುಣುಪಾದ, ಸ್ವಲ್ಪ ಚಪ್ಪಟೆಯಾದ ಗೋಳವೆಂದು ಭಾವಿಸಿ ಗಣಿತಜ್ಞರು ಎಳೆದ ಮೇಲ್ಮೈಯಿಂದ. ನಿಜವಾದ ಸಮುದ್ರ ಮಟ್ಟ ಆ ಮೇಲ್ಮೈಗಿಂತ ಒಂದೊಂದು ಕಡೆ ಒಂದೊಂದು ಪ್ರಮಾಣದಲ್ಲಿ ಮೇಲೆ ಕೆಳಗೆ ಇರುತ್ತದೆ. ಭಾರತದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಈ ಮಟ್ಟದ ಜಗತ್ತಿನಲ್ಲೇ ಅತಿ ಆಳದ ತಗ್ಗು ಇದೆ, ನೂರು ಮೀಟರಿಗೂ ಹೆಚ್ಚು. ಅದರ ಅಂಚಿನಲ್ಲಿರುವ ಬೆಂಗಳೂರಿನಲ್ಲಿ ವ್ಯತ್ಯಾಸ ಸುಮಾರು 85 ಮೀಟರ್, ಅಂದರೆ 280 ಅಡಿಯ ಹತ್ತಿರ. ಆಂಡ್ರಾಯ್ಡ್ ಹಿಂದಿನಿಂದಲೂ ಆ್ಯಪ್‌ಗಳಿಗೆ ಕೊಡುತ್ತಾ ಬಂದಿರುವುದು ಈ ತಿದ್ದದ ಎತ್ತರವನ್ನು. ತಿದ್ದುವ ಹೊಣೆ ಆ್ಯಪ್ ಬರೆದವನದು. ಕೆಲವರು ಮಾಡುತ್ತಾರೆ, ಕೆಲವರು ಮರೆಯುತ್ತಾರೆ.

ಪರೀಕ್ಷೆ ಸುಲಭ. ಕೆಂಪೇಗೌಡ ವಿಮಾನ ನಿಲ್ದಾಣದ ಅಧಿಕೃತ ಎತ್ತರ ಸುಮಾರು 3,000 ಅಡಿ. ಅದರ ನಿಲುಗಡೆಯ ಅಂಗಳದಲ್ಲಿ ಆ್ಯಪ್ ಅದಕ್ಕೆ ಹತ್ತಿರದ ಅಂಕಿ ತೋರಿಸಿದರೆ ಸರಿ. 2,700ರ ಸುತ್ತಮುತ್ತ ತೂಗಾಡುತ್ತಿದ್ದರೆ ತಿದ್ದುಪಡಿ ನಡೆದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಜಿಯಾಯ್ಡ್ (ನಿಜವಾದ ಸಮುದ್ರ ಮಟ್ಟದ ಮೇಲ್ಮೈ) ಎಂಬ ಪದ ಹುಡುಕಿ ಅದನ್ನು ಆನ್ ಮಾಡಿ. ಅಂಥ ಆಯ್ಕೆಯೇ ಇಲ್ಲದಿದ್ದರೆ ಎತ್ತರದ ಎಚ್ಚರಿಕೆಗಳನ್ನು ನಂಬಬೇಡಿ. ಬ್ರಿಟನ್ನಿನಲ್ಲಿ ಇದೇ ತಪ್ಪು ತಿರುಗಿ ಬೀಳುತ್ತದೆ: ಅಲ್ಲಿ ತಿದ್ದದ ಆ್ಯಪ್ ನಿಮ್ಮನ್ನು ನಿಜಕ್ಕಿಂತ ಸುಮಾರು 50 ಮೀಟರ್ ಹೆಚ್ಚು ಎತ್ತರದಲ್ಲಿ ಇದ್ದಂತೆ ತೋರಿಸುತ್ತದೆ, ಗುಡ್ಡಗಳ ನಡುವೆ ಅದು ಇನ್ನೂ ಕೆಟ್ಟದ್ದು. ಸರಿಯಾಗಿ ತಿದ್ದಿದ್ದರೂ ಹಾರುವಾಗ ಎತ್ತರಕ್ಕೆ ನೋಡಬೇಕಾದದ್ದು ವಿಮಾನದ ಆಲ್ಟಿಮೀಟರನ್ನೇ.

## ಹಂತ 6: ಮನೆಯಲ್ಲೇ ನೆಟ್‌ವರ್ಕ್ ಕೊಲ್ಲಿ

ಮಾರ್ಗದ ನಕ್ಷೆಗಳನ್ನು ಇಳಿಸಿಕೊಳ್ಳಿ. ಏರೋಪ್ಲೇನ್ ಮೋಡ್ ಹಾಕಿ, ಟ್ಯಾಬ್ಲೆಟ್ಟನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿ. ಈ ಮರುಚಾಲನೆಯನ್ನು ಹತ್ತರಲ್ಲಿ ಒಂಬತ್ತು ಮಂದಿ ಬಿಡುತ್ತಾರೆ. ಹಾಗೆ ಬಿಟ್ಟರೆ ತಾತ್ಕಾಲಿಕ ನೆನಪಿನಲ್ಲಿ ಉಳಿದ ನಕ್ಷೆಯನ್ನು ನೋಡಿ ಎಲ್ಲ ಇಳಿದಿದೆ ಎಂದು ಮೋಸಹೋಗುತ್ತೀರಿ. ನಾನೂ ಹೋಗಿದ್ದೇನೆ: ಮೈಸೂರಿನ ದಾರಿಯಲ್ಲಿ ರಾಮನಗರದವರೆಗೆ ಚೆಂದದ ನಕ್ಷೆ, ಅಲ್ಲಿಂದ ಮುಂದೆ ಚೌಕಳಿ ಬಟ್ಟೆ.

ಈಗ ಮಾರ್ಗದುದ್ದಕ್ಕೂ ನಕ್ಷೆಯನ್ನು ಹಿಗ್ಗಿಸಿ ಕುಗ್ಗಿಸಿ ನೋಡಿ, ಗುರಿಯ ನಿಲ್ದಾಣದ ಪುಟ ತೆರೆಯಿರಿ, ಮಾರ್ಗವನ್ನು ಪಕ್ಕದ ನಿಲ್ದಾಣಕ್ಕೆ ತಿರುಗಿಸಿ. ಯಾವುದಾದರೂ ಒಂದು ಗಿರಗಿರನೆ ತಿರುಗುತ್ತಾ ನಿಂತರೆ ಅದು ಇಂಟರ್‌ನೆಟ್ ಬೇಡುತ್ತಿದೆ ಎಂದರ್ಥ. ಏರೋಪ್ಲೇನ್ ಮೋಡ್‌ನಲ್ಲೂ ಜಿಪಿಎಸ್ ಸಾಮಾನ್ಯವಾಗಿ ನಡೆಯುತ್ತದೆ, ಆದರೆ ಮೊದಲ ಸಲ ಸ್ಥಾನ ಹಿಡಿಯಲು ತಡ ಮಾಡುತ್ತದೆ. ಫೋನ್ ಜಾಲದ ನೆರವಿಲ್ಲದೆ ಉಪಗ್ರಹದಿಂದಲೇ ಕಕ್ಷೆಯ ವಿವರ ಇಳಿಸಿಕೊಳ್ಳಬೇಕಲ್ಲ. ಆದ್ದರಿಂದ ಎಂಜಿನ್ ಶುರು ಮಾಡುವ ಮೊದಲೇ ಟ್ಯಾಬ್ಲೆಟ್ ಆನ್ ಆಗಿರಲಿ.

ಅಮೆರಿಕದಲ್ಲಿ ಸ್ಟ್ರಾಟಕ್ಸ್‌ನಂಥ ಎಡಿಎಸ್-ಬಿ ಗ್ರಾಹಕ (ಸುತ್ತಲಿನ ವಿಮಾನಗಳು ಪ್ರಸಾರ ಮಾಡುವ ಸ್ಥಾನವನ್ನು ಹಿಡಿಯುವ ಸಾಧನ) ಬಳಸುವವರಿಗೆ ಇನ್ನೊಂದು ಬಲೆ. ಅದರ ವೈಫೈಗೆ ಇಂಟರ್‌ನೆಟ್ ಇಲ್ಲ ಎಂದು ಕಂಡ ಆಂಡ್ರಾಯ್ಡ್ ಸಂಪರ್ಕ ಬಿಟ್ಟುಬಿಡುತ್ತದೆ. ಇಂಟರ್‌ನೆಟ್ ಇಲ್ಲದಿದ್ದರೂ ಇದರಲ್ಲೇ ಇರು ಎಂದು ಮೊದಲ ಸಲವೇ ಹೇಳಿಬಿಡಿ. ಅಲ್ಲಿ ಈ ಸಾಧನದಿಂದ ಸಿಗುವ ಉಚಿತ ಹವಾಮಾನ ಪ್ರಸಾರ ಭಾರತದಲ್ಲಿ ಇಲ್ಲ. ಅದಕ್ಕಾಗಿಯೇ ಕೊಂಡು ತರಬೇಡಿ.

## ಹಂತ 7: ಬಳ್ಳಾರಿ ರಸ್ತೆಯ ಪರೀಕ್ಷೆ

ಸ್ನೇಹಿತನನ್ನು ಕಾರಿಗೆ ಕೂರಿಸಿ, ಓಡಿಸುವುದು ಅವನು, ನೋಡುವುದು ನೀವು. ಹೆಬ್ಬಾಳದಿಂದ ದೇವನಹಳ್ಳಿಯ ಕಡೆಗೆ ಹೊರಡಿ. ಜಕ್ಕೂರಿನ ಪಕ್ಕ ಹಾದು, ಯಲಹಂಕ ವಾಯುನೆಲೆಯ ಪಕ್ಕ ಹಾದು, ಕೆಂಪೇಗೌಡ ನಿಲ್ದಾಣ ತಲುಪುವಷ್ಟರಲ್ಲಿ ಮೂರು ನಿಲ್ದಾಣಗಳೂ ಅವುಗಳ ವಾಯುಪ್ರದೇಶಗಳೂ ಪರದೆಯ ಮೇಲೆ ಸರಿಯಾಗಿ ಬಂದು ಹೋಗಬೇಕು. ಎಚ್ಚರಿಕೆಗಳು ಎಷ್ಟು ಮೊದಲು ಬರುತ್ತವೆ, ಅವುಗಳನ್ನು ಒಂದೇ ಬೆರಳಲ್ಲಿ ಸರಿಸಬಹುದೇ, ಕುಲುಕಾಟದಲ್ಲಿ ಸರಿಯಾದ ಗುಂಡಿ ಸಿಗುತ್ತದೆಯೇ, ಬರೆದಿಟ್ಟುಕೊಳ್ಳಿ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ನಿಂತಾಗ ವಿಮಾನದ ಬಾಣ ಹುಚ್ಚುಹುಚ್ಚಾಗಿ ತಿರುಗಿದರೆ ಗಾಬರಿ ಬೇಡ. ಜಿಪಿಎಸ್‌ಗೆ ದಿಕ್ಕು ತಿಳಿಯುವುದು ಚಲಿಸುವಾಗ ಮಾತ್ರ, ಅಲ್ಲಿ ಯಾರೂ ಚಲಿಸುವುದಿಲ್ಲ.

ಬ್ಯಾಟರಿ ಗಂಟೆಗೆ ಎಷ್ಟು ಇಳಿಯಿತು ನೋಡಿ, ಪರದೆ ಪೂರ್ತಿ ಬೆಳಕಿನಲ್ಲಿದ್ದಾಗ. ಗಂಟೆಗೆ ಮೂವತ್ತು ಪ್ರತಿಶತ ಕರಗಿದರೆ ಪವರ್ ಬ್ಯಾಂಕ್ ಇಲ್ಲದೆ ಕ್ರಾಸ್‌ಕಂಟ್ರಿ, ಅಂದರೆ ದೂರದ ಊರಿನ ಹಾರಾಟಕ್ಕೆ, ಹೋಗುವಂತಿಲ್ಲ.

## ಹಂತ 8: ನಿಂತ ವಿಮಾನದಲ್ಲಿ, ಆಮೇಲೆ ಬೋಧಕರ ಜೊತೆ

ಟ್ಯಾಬ್ಲೆಟ್ ಅದರ ಜಾಗದಲ್ಲಿರುವಾಗ ಯೋಕ್ ಮತ್ತು ಪೆಡಲ್‌ಗಳನ್ನು ಕೊನೆಯಿಂದ ಕೊನೆಯವರೆಗೆ ಆಡಿಸಿ. ದಿಕ್ಸೂಚಿಯ ಹತ್ತಿರ ತಂದು ದೂರ ಒಯ್ಯಿರಿ. ಮುಚ್ಚಳದ ಆಯಸ್ಕಾಂತ ಮುಳ್ಳನ್ನು ಎಳೆಯುವುದನ್ನು ನೀವೇ ಕಾಣುತ್ತೀರಿ. ವಿಮಾನದಲ್ಲಿ 28 ವೋಲ್ಟ್ ವ್ಯವಸ್ಥೆ ಇದ್ದರೆ 12 ವೋಲ್ಟ್ ಕಾರಿನ ಚಾರ್ಜರ್ ಚುಚ್ಚಬೇಡಿ. ಅಗ್ಗದ ಚಾರ್ಜರ್‌ಗಳು ರೇಡಿಯೊದಲ್ಲಿ ಗೊರಗೊರ ಸದ್ದು ತರುತ್ತವೆ, ಗೋಪುರದ ಕರೆ ಕೇಳದಂತೆ ಮಾಡುವಷ್ಟು.

ಆ್ಯಪ್‌ನಲ್ಲಿ ಹಾರಾಟದ ಯೋಜನೆ ಸಲ್ಲಿಸುವ ಗುಂಡಿ ಇದ್ದರೂ ಭಾರತದಲ್ಲಿ ಅದನ್ನು ಒತ್ತಿದ ಮಾತ್ರಕ್ಕೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಇಲ್ಲಿ ಎಡಿಸಿ (ವಾಯು ರಕ್ಷಣಾ ಅನುಮತಿ) ಮತ್ತು ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ) ಸಂಖ್ಯೆಗಳನ್ನು ಪಡೆಯುವ ಕ್ರಮ ಬೇರೆ. ಶಾಲೆಯ ಕಚೇರಿಯವರು ಹೇಳಿದಂತೆ ಮಾಡಿ, ಸಂಖ್ಯೆಗಳನ್ನು ಕಾಗದದಲ್ಲಿ ಬರೆದುಕೊಳ್ಳಿ.

ಮೇಲೇರಿದ ಮೇಲೆ ಈ ಲಕ್ಷಣಗಳು ಕಂಡರೆ ಟ್ಯಾಬ್ಲೆಟ್ಟನ್ನು ಮಗುಚಿಡಿ: ವಿಮಾನದ ಗುರುತು ನಿಂತಲ್ಲೇ ನಿಂತಿದೆ ಆದರೆ ಕಿಟಕಿಯ ಹೊರಗಿನ ಕೆರೆ ಹಿಂದೆ ಸರಿಯುತ್ತಿದೆ, ಗುರುತು ಒಮ್ಮೆಲೇ ಹತ್ತಾರು ಕಿಲೋಮೀಟರ್ ಜಿಗಿಯಿತು, ನೆಲದ ವೇಗ ಗಾಳಿಯ ಲೆಕ್ಕಕ್ಕೆ ಹೊಂದದಷ್ಟು ಹೆಚ್ಚಿದೆ, ಟ್ಯಾಬ್ಲೆಟ್‌ನ ಗಡಿಯಾರ ಕೈಗಡಿಯಾರಕ್ಕಿಂತ ಬೇರೆ ಹೇಳುತ್ತಿದೆ. ಕೊನೆಯ ಮೂರು ಜಿಪಿಎಸ್ ಸಂಕೇತವನ್ನು ಯಾರೋ ನಕಲು ಮಾಡುತ್ತಿರುವ ಸೂಚನೆಯೂ ಆಗಿರಬಹುದು. ಇದು ದೂರದ ಯುದ್ಧಭೂಮಿಯ ಮಾತಷ್ಟೇ ಅಲ್ಲ. 2025ರಲ್ಲಿ ದೆಹಲಿ ವಿಮಾನ ನಿಲ್ದಾಣದ ಹತ್ತಿರವೂ ಹಾಗಾಗಿದ್ದನ್ನು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದೆ. ಆಗ ಮಾಡಬೇಕಾದ ಕೆಲಸ ಹಳೆಯದೇ: ಗಡಿಯಾರ, ದಿಕ್ಸೂಚಿ, ಕಾಗದದ ನಕ್ಷೆ, ಕೆಳಗಿನ ರೈಲು ಹಳಿ. ಬೋಧಕರಿಗೆ ಮೊದಲೇ ಹೇಳಿಡಿ, ಮೊದಲ ಹಾರಾಟದ ನಡುವೆ ಎಚ್ಚರಿಕೆ ಕೊಡದೆ ಟ್ಯಾಬ್ಲೆಟ್ ಕಸಿದುಕೊಳ್ಳಲಿ. ನೀವು ಎಲ್ಲಿದ್ದೀರಿ ಎಂದು ಒಂದು ನಿಮಿಷದೊಳಗೆ ಕಾಗದದ ಮೇಲೆ ಬೆರಳಿಟ್ಟು ತೋರಿಸಲಾಗದಿದ್ದರೆ ಆ್ಯಪ್ ಇನ್ನೂ ಬೇಡ.

## ಹಂತ 9: ಈಗ ಹಣ ಕೊಡಿ

ಪ್ರಾಯೋಗಿಕ ಅವಧಿ ಮುಗಿಯುವ ಎರಡು ದಿನ ಮೊದಲು ಕೂತು ತೀರ್ಮಾನಿಸಿ. ವಾರ್ಷಿಕ ಚಂದಾ ಕಟ್ಟುವ ಮೊದಲು ಅದರಲ್ಲಿ ನಿಮ್ಮ ಪ್ರದೇಶದ ನಕ್ಷೆ ಸೇರಿದೆಯೋ ಬೇರೆ ದರವೋ, ಎಷ್ಟು ಸಾಧನಗಳಲ್ಲಿ ಬಳಸಬಹುದು, ಚಂದಾ ಮುಗಿದರೆ ಇಳಿಸಿಕೊಂಡ ನಕ್ಷೆ ಉಳಿಯುತ್ತದೆಯೋ ಎಂದು ಓದಿಕೊಳ್ಳಿ. ಆರು ತಿಂಗಳ ತರಬೇತಿಗೆ ಹೋದವರು ವರ್ಷದ ಚಂದಾ ಕಟ್ಟಿ ಊರಿಗೆ ಮರಳುವುದನ್ನು ನೋಡಿದ್ದೇನೆ. ತಿಂಗಳ ಲೆಕ್ಕ ಇದ್ದರೆ ಅದನ್ನೇ ಹಿಡಿಯಿರಿ.

ಬೇಡವೆನಿಸಿದರೆ ಆ್ಯಪ್ ಅಳಿಸಿ ಸುಮ್ಮನಾಗಬೇಡಿ, ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನ ಚಂದಾ ಪುಟಕ್ಕೆ ಹೋಗಿ ರದ್ದು ಮಾಡಿ, ರದ್ದಾಯಿತೆಂಬ ಇಮೇಲ್ ಬರುವವರೆಗೆ ಕಾಯಿರಿ. ಆ್ಯಪ್ ತಯಾರಕರ ಜಾಲತಾಣದಲ್ಲೇ ನೇರವಾಗಿ ಕಟ್ಟಿದ್ದರೆ ಪ್ಲೇ ಸ್ಟೋರ್‌ನಲ್ಲಿ ಅದು ಕಾಣುವುದೇ ಇಲ್ಲ. ಅಲ್ಲಿನ ಖಾತೆಗೇ ಹೋಗಿ ನಿಲ್ಲಿಸಬೇಕು.